ಹಿಮದ ಮನೆಯ ಮಾಸ್ತರರು

ಮಾಸ್ತರರ ಬಲಗೈ ಹೆಬ್ಬೆರಳಿನ ಉಗುರಸಂದಿಯಲ್ಲಿ ಸದಾ ಸೀಮೆಸುಣ್ಣದ ಬಿಳಿ. ಭೂಗೋಳ ಕಲಿಸುವ ಕೆಲಸದಿಂದ ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಕೋಟಿನ ಕಿಸೆಯಲ್ಲೊಂದು ತುಂಡು ಇದ್ದೇ ಇರುತ್ತಿತ್ತು. ಮಾತಿಗೆ ಕೂತರೆ, ಹತ್ತಾರು ಬಾಡಿಗೆ ಸಂಸಾರಗಳಿದ್ದ ನಮ್ಮ ವಾಡೆಯ ಅಂಗಳದ ಹಾಸುಗಲ್ಲೇ ಅವರ ಕರೀಹಲಗೆ. ನಾನು ಆಗಷ್ಟೇ ಗುಡಿಸಿದ ಕಡೆಯೇ ಆಫ್ರಿಕಾ ಬರೆದಿಡುವರು. ಅದನ್ನು ತುಳಿದು ನೀರಿಗೆ ಹೋಗಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಇಂಗ್ರೇಜಿ ಸರಕಾರದ ದಿನಗಳು. ನಾನು ಮದುವೆಯಾಗಿ ವಿಜಾಪುರದ ಕಡೆಯಿಂದ ಪುಣೆಗೆ ಬಂದ ಹೊಸತು. ಯಜಮಾನರು ನಸುಕಿನಲ್ಲೇ ಖಡಕಿಯ ಕಾರಖಾನೆಗೆ ಹೊರಡುವರು. ಮರಾಠಿ ಬಾರದ ನನಗೆ ಇಡೀ ವಾಡೆಯಲ್ಲಿ ಕನ್ನಡ ಮಾತಾಡಲು ಸಿಕ್ಕವರು ಎದುರು ಖೋಲಿಯ ಮಾಸ್ತರರೊಬ್ಬರೇ. ಅವರ ಹೆಂಡತಿ, ಮಗು ಪ್ಲೇಗಿನಲ್ಲಿ ಹೋಗಿದ್ದರು. ಒಂದು ದಿನ ನಾನು ಅಳುವುದನ್ನು ಕಂಡು ಕಾರಣ ಕೇಳಿದರು. ದೊಡ್ಡ ಮನೆಯಲ್ಲಿ ಬೆಳೆದವಳಿಗೆ ಈ ಒಂದು ಖೋಲಿಯಲ್ಲಿ ಉಸಿರು ಕಟ್ಟುತ್ತದೆ ಎಂದೆ.

ಅವರು ಸೀಮೆಸುಣ್ಣ ತೆಗೆದು ಬೋರಲು ಹಾಕಿದ ಬಟ್ಟಲಿನಂಥದೊಂದನ್ನು ಬರೆದರು. ದೂರದ ಬಡಗಣದಲ್ಲಿ ಇನ್ಯೂಟ್ ಎಂಬ ಜನ ಹಿಮವನ್ನೇ ಇಟ್ಟಿಗೆಯಂತೆ ಕೊಯ್ದು ಮನೆ ಕಟ್ಟುತ್ತಾರಂತೆ. ಬಾಗಿಲು ತಗ್ಗಿನಲ್ಲಿ, ಮಲಗುವ ಕಟ್ಟೆ ಎತ್ತರದಲ್ಲಿ. ಚಳಿ ಕೆಳಗೇ ಉಳಿಯುತ್ತದೆ. ಮನೆಮಂದಿಯೆಲ್ಲ ಒಂದೇ ಚರ್ಮದ ಹೊದಿಕೆಯಲ್ಲಿ. ನಡುವೆ ಸೀಲ್ ಎಂಬ ಕಡಲ ಪ್ರಾಣಿಯ ಕೊಬ್ಬು ಉರಿಯುವ ಕಲ್ಲಿನ ದೀಪ. ಅದನ್ನು ಕಾಯುವವಳು ಮನೆಯ ಹೆಂಗಸು.

“ದೀಪಾ ಆರಿತಂದ್ರ ಅದು ಬರೇ ಹಿಮಾ, ತಂಗೀ. ದೀಪಾ ಇದ್ರ ಮನಿ,” ಎಂದರು.

ನಾನು ಮುಖ ತೊಳೆದುಕೊಂಡು ಒಲೆ ಹೊತ್ತಿಸಿದೆ.

ದೀಪಾವಳಿಗೆ ಪುಣೆಯ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ. ಆ ವರ್ಷ ಮಾಸ್ತರರು ಮಕ್ಕಳನ್ನೆಲ್ಲ ಪುಸಲಾಯಿಸಿ, ಕೋಟೆ ಬೇಡ, ಹಿಮದ ಮನೆ ಕಟ್ಟೋಣವೆಂದರು. ಹಸಿ ಮಣ್ಣಿನ ಇಟ್ಟಿಗೆ, ಮೇಲೆ ಸುಣ್ಣ. ಒಂದು ಕಡ್ಡಿಯ ಆಸರೆಯೂ ಇಲ್ಲದೆ ಛಾವಣಿ ನಿಲ್ಲುತ್ತದೆಂದು ವಾಡೆಗೆಲ್ಲ ಸಾರಿದರು. ಪಾಪ, ಹಿಮ ಕಂಡವರೇ ಅಲ್ಲ. ಬಾವಿ ಕಟ್ಟಿದಂತೆ ಸುತ್ತಿನ ಮೇಲೆ ಸುತ್ತು ಇಟ್ಟರು. ಒಳಕ್ಕೆ ವಾಲಿಸಿದ ಕೂಡಲೇ ಇಟ್ಟಿಗೆ ಜಾರಿದವು. ಎರಡು ಸಲ ಕುಸಿಯಿತು. ಸಂಜೆಯೊಳಗೆ ನಿಲ್ಲದಿದ್ದರೆ ಕೆಡವಿ ಕೋಟೆ ಕಟ್ಟಿಸುತ್ತೇನೆಂದು ವಾಡೆಯ ಮಾಲಕ ನಕ್ಕು ಹೋದ.

ಮಾಸ್ತರರು ಮೆಟ್ಟಿಲ ಮೇಲೆ ಕುಸಿದು ಕೂತರು. “ಮೂವತ್ತು ವರ್ಷ ಹುಡುಗರಿಗೆ ಸುಳ್ಳ ಕಲಿಸೀನೇನೋ,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ನಾನು ಬಾಗಿಲಲ್ಲಿ ಕೂತು ಚಕ್ಕಲಿ ಒತ್ತುತ್ತಿದ್ದೆ. ಚಕ್ಕಲಿಯ ಎಳೆ ಎಲ್ಲಿಯೂ ಸುತ್ತು ಮುಚ್ಚುವುದಿಲ್ಲ, ಹಿಂದಿನದಕ್ಕೆ ಆತುಕೊಂಡೇ ಸಾಗುತ್ತದೆ. ಕೈ ನಿಂತಿತು. ಹಿರಿಯರೆದುರು ಬಾಯಿ ಬಿಡದ ಸೊಸೆ ನಾನು, ಸೆರಗು ಹೊದ್ದು ತಾಟಿನ ಸಮೇತ ಅಂಗಳಕ್ಕಿಳಿದೆ.

“ಮಾಸ್ತರ್ರ, ಸುತ್ತು ಮುಚ್ಚಬ್ಯಾಡ್ರಿ. ಮೊದಲನೇ ಸಾಲು ಇಳಿಜಾರು ಕೊಯ್ದು, ಚಕ್ಕಲಿಗತೆ ಏರಿಸಿಕೋತ ಹೋಗ್ರಿ. ಒಂದಕ್ಕೊಂದು ಆಸರಾ ಆಗ್ತದ.”

ಅವರು ತಾಟು ನೋಡಿದರು, ಗೋಡೆ ನೋಡಿದರು, ಉಳಿದದ್ದನ್ನು ತಾವೇ ಕೆಡವಿದರು. ಮೂರನೆಯ ಸಲ ನಿಂತಿತು. ಒಳಗೆ ಪಣತಿ ಹಚ್ಚಿ ಇಟ್ಟವಳು ನಾನೇ. ಅಂದಿನಿಂದ ಅವರು ನನ್ನನ್ನೇ “ಮಾಸ್ತರ್ರ” ಎಂದು ಕರೆಯತೊಡಗಿದರು. ಗುರುದಕ್ಷಿಣೆಯೆಂದು ನಗುತ್ತಲೇ ನನಗೆ ಅಕ್ಷರ ಕಲಿಸಿದರು. ಇಂದು ನಾನು ಇಷ್ಟು ಬರೆಯುತ್ತಿರುವುದು ಆ ಋಣದಿಂದ.

ಸ್ವಾತಂತ್ರ್ಯ ಬರುವ ಹಿಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸತ್ತವರು ಮಲಗಿದ್ದ ಜಾಗದಲ್ಲಿ ಹತ್ತು ದಿನ ದೀಪ ಇಡುವುದು ಮನೆಯವರ ಪದ್ಧತಿ. ಅವರಿಗೆ ಯಾರೂ ಇರಲಿಲ್ಲ. ಮಾಲಕ ಬೀಗ ಹಿಡಿದು ಬಂದಾಗ ನಾನು ಎಣ್ಣೆ, ಬತ್ತಿ ಹಿಡಿದು ಅವರ ಖೋಲಿಯ ಹೊಸ್ತಿಲಲ್ಲಿ ನಿಂತಿದ್ದೆ. ಅವರು ನಿನಗೇನಾಗಬೇಕು ಎಂದು ಮರಾಠಿಯಲ್ಲಿ ಕೇಳಿದ. ಅಷ್ಟರಲ್ಲಿ ನನಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಬಾಯಿಂದ ಬಂದದ್ದು ಕನ್ನಡ.

“ದೀಪಾ ಇದ್ರ ಮನೀರಿ.”

ಅವನಿಗೆ ತಿಳಿಯಲಿಲ್ಲ. ಆದರೂ ಬೀಗ ಹಾಕದೆ ಹಿಂದಿರುಗಿದ. ಹತ್ತು ದಿನ ಆ ಖೋಲಿಯನ್ನು ಬರೇ ಹಿಮವಾಗಲು ನಾನು ಬಿಡಲಿಲ್ಲ.