ಪೆನಾಲ್ಟಿ ಚುಕ್ಕೆಯ ಸುತ್ತ ಅವ್ವ ಬಿಡಿಸಿದ ಕಮಲ

ನಮ್ಮೂರಿನಲ್ಲಿ ಈಗ ಕಥೆ ಹೀಗಿದೆ: ಮಾಮಾ ಎಡಕ್ಕೆ ಹಾರಿದ, ಚೆಂಡು ಹಿಡಿದ, ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಚಹಾದಂಗಡಿಯಲ್ಲಿ ಇದನ್ನು ಹೇಳುವ ಎಷ್ಟೋ ಮಂದಿ ಅಂದು ಮೈದಾನಕ್ಕೇ ಬಂದಿರಲಿಲ್ಲ. ನಾನು ಅಲ್ಲೇ ಆಡುತ್ತಿದ್ದೆ. ಹಾಗಂತ ನನ್ನ ನೆನಪನ್ನೂ ಪೂರ್ತಿ ನಂಬಬೇಡಿ. ಅಂದು ಮೋಡ ಕವಿದಿತ್ತು ಎಂದು ಈಗಷ್ಟೇ ಬರೆದು ಹೊಡೆದುಹಾಕಿದೆ. ಆ ಮೋಡ ನಾನು ತಂದದ್ದು.

ನಮ್ಮದು ಜಿಲ್ಲಾ ಫುಟ್‌ಬಾಲ್ ಲೀಗಿನ ಎರಡನೇ ಡಿವಿಜನ್. ಸೀಸನ್ನಿನ ಕೊನೆಗೆ ಮೊದಲ ಸ್ಥಾನದಲ್ಲಿರುವ ತಂಡ ಮಾತ್ರ ಮೇಲಿನ ಡಿವಿಜನ್‌ಗೆ ಹೋಗುತ್ತದೆ. ಆಡುವವರು ಹೊಲದಲ್ಲಿ ದುಡಿಯುವವರು, ಮನೆ ಕಟ್ಟುವ ಗೌಂಡಿಗಳು, ಒಬ್ಬ ಬಸ್ ಕಂಡಕ್ಟರ್. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಅದಕ್ಕೆ ಪಂದ್ಯವೂ ಸೋಮವಾರ. ಟ್ರ್ಯಾಕ್ಟರ್ ಬಂದ ಮೇಲೂ ದಿನ ಬದಲಾಗಿಲ್ಲ. ಮೈದಾನವೆಂದರೆ ತಾವರಗೇರಾದ ಆಚೆ ನಮ್ಮೂರ ಸಂತೆ ಬಯಲು. ಉಳ್ಳಾಗಡ್ಡಿ ಸಿಪ್ಪೆ ಗುಡಿಸಿ ಆಡುತ್ತೇವೆ.

ಗೋಲಿನಲ್ಲಿ ನಿಲ್ಲುತ್ತಿದ್ದವನು ಅವ್ವನ ತಮ್ಮ, ನನ್ನ ಮಾಮಾ. ಅವನೇ ಕ್ಯಾಪ್ಟನ್. ಮೊಣಕಾಲು ಹೋಗಿದ್ದವು. ಒಮ್ಮೆಯಾದರೂ ಮೇಲಿನ ಡಿವಿಜನ್ನಿನಲ್ಲಿ, ಕೊಪ್ಪಳದ ಹುಲ್ಲಿನ ಮೈದಾನದಲ್ಲಿ ಗೋಲು ಕಾಯಬೇಕೆಂಬುದು ಅವನ ಆಸೆ. ಸೀಸನ್ ಶುರುವಾಗುವ ಮೊದಲೇ ನಮಗೆಲ್ಲ ಹೇಳಿದ್ದ, “ಈ ಸಲ ಮ್ಯಾಲ ಹೋದ್ರ ಅಲ್ಲೊಂದು ಸೀಸನ್ ಆಡ್ತೀನಿ. ಇಲ್ಲಂದ್ರ ಇದ ಕಡೀದು.”

ಗೆರೆ ಹಾಕುವ ಕೆಲಸ ಅವ್ವನದು. ಹಿಂದೆ ಸುಣ್ಣ ಹಾಕುತ್ತಿದ್ದೆವು. ಒಮ್ಮೆ ಜಿಗಿದಾಗ ಅದು ಮಾಮಾನ ಕಣ್ಣಿಗೆ ಹೋಗಿ ದವಾಖಾನೆ ಕಂಡ ಮೇಲೆ ಅವ್ವ ರಂಗೋಲಿ ಪುಡಿ ತಂದಳು. ದಾರ ಹಿಡಿದು ಎಳೆದಂತೆ ನೆಟ್ಟಗಿನ ಗೆರೆ. ಕಡೆಯ ಪಂದ್ಯದ ಬೆಳಿಗ್ಗೆ ಮಾತ್ರ, ಶುಭದಿನ ಬರೀ ಚುಕ್ಕೆ ಬಿಡಬಾರದೆಂದು ಪೆನಾಲ್ಟಿ ಚುಕ್ಕೆಯ ಸುತ್ತ ಒಂದು ಕಮಲ ಬಿಡಿಸಿ, ನಡುವೆ ಕುಂಕುಮ ಇಟ್ಟಳು. ನಮಗ್ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಆಡುವಾಗ ಎಲ್ಲರೂ, ಎದುರಿನವರೂ ಸಹ, ಅದನ್ನು ತುಳಿಯದೆ ದಾಟಿಕೊಂಡೇ ಓಡಿದೆವು.

ಎದುರಿಗೆ ಗಂಗಾವತಿಯ ತಂಡ. ನಮಗೆ ಸಮ ಸಾಕು, ಅವರಿಗೆ ಗೆಲುವೇ ಬೇಕು. ಯಾರೂ ಗೋಲು ಹೊಡೆದಿರಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ನಮ್ಮ ಗೌಂಡಿಯೊಬ್ಬನ ಕೈಗೆ ಚೆಂಡು ಬಡಿದು ಅವರಿಗೆ ಪೆನಾಲ್ಟಿ ಸಿಕ್ಕಿತು.

ಒದೆಯಲು ಬಂದ ಗಂಗಾವತಿಯ ಹುಡುಗ ಕುಂಕುಮ ನೋಡಿ ಚೆಂಡನ್ನು ಪಕ್ಕಕ್ಕಿಟ್ಟ. ರೆಫರಿ ಅದನ್ನು ಎತ್ತಿ ಚುಕ್ಕೆಯ ಮೇಲೇ ಇಟ್ಟರು. ಹುಡುಗ ಬಗ್ಗಿ ಹೂವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಓಡಿ ಬಂದ. ಬೂಟುಗಾಲು ದಳದ ಮೇಲೆ ಊರಲಾರದೆ ದೂರದಲ್ಲೇ ಊರಿ, ಹೇಗೋ ಕಾಲು ಚಾಚಿದ. ಚೆಂಡು ಉರುಳುತ್ತ ಹೋಗಿ ಮಾಮಾನ ಕೈ ಸೇರಿತು.

ಸುತ್ತ ಶಿಳ್ಳೆ. ಮಾಮಾ ಚೆಂಡು ಹಿಡಿದುಕೊಂಡೇ ಕಮಲವನ್ನು ನೋಡಿದ. ಒಂದು ದಳವೂ ಅಳಿಸಿರಲಿಲ್ಲ. ರೆಫರಿ ಯಲಬುರ್ಗಾ ಕಡೆಯ ಪಿ.ಟಿ. ಮಾಸ್ತರು. ಮಾಮಾ ನೇರ ಅವರ ಬಳಿ ಹೋದ.

“ಸರ, ಇದು ನಾ ಹಿಡಿದದ್ದಲ್ರಿ. ನಮ್ಮಕ್ಕನ ಹೂವು ಹಿಡಿದದ್ದು. ಮತ್ತ ಒದೀಲಿ.”

ಕಂಡಕ್ಟರ್ ಕೆರಳಿದ. “ಮಾಮಾ, ನಿನಗ ಮ್ಯಾಲ ಹೋಗೂದು ಬ್ಯಾಡಾಗೇತೇನು?”

“ಹೋಗೂಣಂತ. ಹೂವಿನ ಹಿಂದ ಅಡಗಿ ಬ್ಯಾಡ.”

ಮಾಸ್ತರು ಸ್ವಲ್ಪ ಯೋಚಿಸಿ, ಅಳಿಸಿ ಮತ್ತೆ ಒದೆಯಲಿ ಎಂದರು. ಆದರೆ ಅಳಿಸುವವರಾರು? ಕಾಲಲ್ಲಿ ಅಳಿಸಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅವ್ವನೇ ಬಂದು, ಕುಂಕುಮವನ್ನು ಹಣೆಗೆ ಹಚ್ಚಿಕೊಂಡು, ಸೆರಗಿನಿಂದ ಒರೆಸಿ, ತಮ್ಮನನ್ನು ಬೈಯುತ್ತ ಹೋದಳು. ಬೈದದ್ದು ಖಚಿತ, ಏನು ಬೈದಳೆಂದು ಈಗ ನಾನು ಕಟ್ಟಿ ಹೇಳಲಾರೆ.

ಎರಡನೇ ಸಲ ಮಾಮಾ, ಊರವರ ಕಥೆಯಲ್ಲಿರುವಂತೆ, ಎಡಕ್ಕೇ ಹಾರಿದ. ಚೆಂಡು ಬಲಕ್ಕೆ ಹೋಗಿ ಬಲೆ ಸೇರಿತು. ಗಂಗಾವತಿಯವರು ಮೇಲೆ ಹೋದರು. ನಮ್ಮವರು ಯಾರನ್ನೂ ಹೊರಲಿಲ್ಲ.

ಆದರೂ ಆ ಸಂಜೆ ಮಾಮಾನ ಹಿಂದೆ, ಅವನ ಚೀಲ ಹೊತ್ತು ಮನೆಗೆ ನಡೆದಾಗ ನನಗಿದ್ದಷ್ಟು ಹೆಮ್ಮೆ ಊರವರ ಕಥೆಯಲ್ಲಿಲ್ಲ. ಅವರು ಅವನ ಕೈಗೆ ಚೆಂಡು ಕೊಟ್ಟು, ಅವನು ತಾನಾಗಿ ನಡೆದುಹೋಗಿ ಆಡಿದ ಮಾತನ್ನು ಕಿತ್ತುಕೊಂಡಿದ್ದಾರೆ.

ಮಾಮಾ ಹೇಳಿದಂತೆ ಆಟ ಬಿಟ್ಟ. ಅವನ ಕೈಗವಸುಗಳು ಈಗ ನನ್ನವು. ಈ ವರ್ಷ ಮತ್ತೆ ನಾವೇ ಮೊದಲಿದ್ದೇವೆ, ಕಡೆಯ ಪಂದ್ಯ ಬಾಕಿ. ಇಂದು ಬೆಳಿಗ್ಗೆ ಅವನು ದಾರ ಹಿಡಿದ, ಅವ್ವ ಪುಡಿ ಬಿಟ್ಟಳು. ಪೆನಾಲ್ಟಿ ಚುಕ್ಕೆ ಇಟ್ಟ ಮೇಲೆ ಅವಳ ಕೈ ಅಲ್ಲೇ ನಿಂತಿತು.

“ಅಕ್ಕಾ, ಬರೇ ಚುಕ್ಕಿ,” ಎಂದ ಮಾಮಾ.

“ನೀ ಅವತ್ತ ಬಲಕ್ಕ ಜಿಗಿದಿದ್ರ ಇವತ್ತ ಹೂವೂ ಇರ್ತಿತ್ತು, ನೀನೂ ಗೋಲಿನಾಗ ಇರ್ತಿದ್ದಿ.”

ಮಾಮಾ ನಕ್ಕ. ಚುಕ್ಕೆಯ ಪಕ್ಕ ಕಾಲೂರಿ, ಇಲ್ಲದ ಚೆಂಡೊಂದನ್ನು ಒದ್ದ. ಗೋಲಿನಲ್ಲಿ ನಿಂತಿದ್ದ ನಾನು ಬಲಕ್ಕೆ ಜಿಗಿದೆ.