ಒಂದೂವರೆ ಲೀಟರ್ ಕೊಸರು

ಹೋದ ವಾರ ಯಳಂದೂರು ದಾಟಿ ಹೋಗುವಾಗ ನನ್ನ ಮುಂದೆ ಒಂದು ಗೂಡ್ಸ್ ಆಟೋ ಹೋಗುತ್ತಿತ್ತು. ಅದರ ಹಿಂದಿನಿಂದ ನೀಲಿ ಹೊಗೆ. ನಾನು ಗಾಜು ಏರಿಸುವ ಮೊದಲೇ ವಾಸನೆ ಒಳಗೆ ಬಂದು ಕೂತಿತು. ಡೀಸೆಲ್ ಹೊಗೆಯಲ್ಲ ಅದು, ಇಂಜಿನ್ ಆಯಿಲ್ ಸುಡುವ ವಾಸನೆ. ಬಾಣಲೆಯಲ್ಲಿ ಎಣ್ಣೆ ಸೀದರೆ ಮನೆಯ ಹೆಂಗಸರು ಕಿಟಕಿ ತೆಗೆಯುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಆದರೆ ಇದು ಗಂಟಲಲ್ಲಿ ನಿಂತುಬಿಡುತ್ತದೆ. ಹಾರ್ನ್ ಹೊಡೆದು ಆಟೋವನ್ನು ಪಕ್ಕಕ್ಕೆ ಹಾಕಿಸಿದೆ.

"ಆಯಿಲ್ ಜಾಸ್ತಿ ಉಯ್ದಿದ್ದೀರ?" ಎಂದು ಕೇಳಿದೆ.

ಆಟೋದವನು ತಲೆ ಕೆರೆದುಕೊಂಡು ನಕ್ಕ. "ಊ ಸಾ, ಇರ್ಲಿ ಅಂತ ನಾನೇ ವಸಿ ಮುಂದಾಗಿ ಉಯ್ಬುಟ್ಟೆ. ನಿಮ್ಗೆಂಗೊತ್ತಾಯ್ತು?"

"ಕೆಳಗಡೆ ಬೋಲ್ಟ್ ಸಡ್ಲಿಸಿ ಇಳಿಸ್ಬುಡಿ. ಇಂಗೇ ಓಡಿಸ್ಬ್ಯಾಡಿ" ಎಂದೆ.

ಅವನು ಆಯಿತು ಎಂದು ಹೊರಟ. ನಾನು ಮಾತ್ರ ಹೊರಡಲಿಲ್ಲ. ನಾನೇ ಉಯ್ದೆ ಎಂದು ಹೇಳಲು ಆ ಮನುಷ್ಯನಿಗೆ ಹಿಡಿದದ್ದು ಒಂದು ಉಸಿರು. ಅದೇ ಮಾತನ್ನು ನಾನು ಏಳು ವರ್ಷದಿಂದ ನುಂಗಿಕೊಂಡು ಕೂತಿದ್ದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗದ ಕೆಲಸ ಮಾಡಿದೆ, ಗೂಡಿನ ಮೂಟೆ ಹೊತ್ತೆ, ಯಾರದೋ ಜೀಪು ಓಡಿಸಿದೆ, ಕೊನೆಗೆ ಸ್ವಂತ ಕಾರು ಮಾಡಿಕೊಂಡು ಟ್ಯಾಕ್ಸಿ ಸ್ಟ್ಯಾಂಡಿಗೆ ಹಾಕಿದೆ. ಒಬ್ಬರ ಮುಂದೆ ಕೈ ಒಡ್ಡಿದವನಲ್ಲ. ಈ ಮಾತನ್ನು ನಾನು ಹೋದಲ್ಲೆಲ್ಲ ಹೇಳುತ್ತಿದ್ದೆ, ಕೇಳಿದವರು ಆಕಳಿಸುವಷ್ಟು ಹೇಳುತ್ತಿದ್ದೆ. ಕಾರನ್ನು ತಳ್ಳಿ ಎಂದು ಕೂಡ ಯಾರನ್ನೂ ಕರೆಯಬಾರದು ಎಂಬ ಹಟ ನನಗೆ. ಬ್ಯಾಟರಿ ಹಳೆಯದು, ಬೆಳಿಗ್ಗೆ ಒಮ್ಮೊಮ್ಮೆ ಕೈಕೊಡುತ್ತಿತ್ತು. ಅದಕ್ಕೇ ಮನೆಯ ಮುಂದಿನ ಇಳಿಜಾರಿನಲ್ಲೇ ಕಾರು ನಿಲ್ಲಿಸುತ್ತಿದ್ದೆ. ಬ್ರೇಕ್ ಬಿಟ್ಟರೆ ತಾನೇ ಉರುಳಿ ಸ್ಟಾರ್ಟ್ ಆಗಬೇಕು. ಈ ಇಳಿಜಾರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನೊಂದು, ಕೊಸರಿನ ವಿಷಯ. ನಮ್ಮವ್ವ ರಾಗಿ ಅಳೆದು ಕೊಟ್ಟಳೆಂದರೆ ಅಳತೆ ಮುಗಿದ ಮೇಲೆ ಎರಡು ಕೈ ತುಂಬ ತೆಗೆದು ಮೇಲೆ ಸುರಿಯುತ್ತಿದ್ದಳು. ಹಾಲಿಗೂ ಅಷ್ಟೆ, ಹುರುಳಿಗೂ ಅಷ್ಟೆ. ಕೊಸರು ಹಾಕದೆ ಕೊಡುವವರನ್ನು ಅವಳು ಮನುಷ್ಯರ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಗೆರೆಗೆ ಸರಿಯಾಗಿ ನಿಲ್ಲಿಸುವ ಕೈ ಎಂದರೆ ಜಿಪುಣ ಕೈ ಎಂದೇ ನಂಬಿ ನಾನು ಬೆಳೆದೆ. ಇಂಜಿನ್ನಿಗೆ ಇದು ಅನ್ವಯಿಸುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದವನು ನಾನು.

ಗೆರೆಗೆ ಸರಿಯಾಗಿ ನಿಲ್ಲಿಸುವ ಕೈ ಎಂದರೆ ರಾಚಣ್ಣನದು. ಹನೂರು ರಸ್ತೆಯಲ್ಲಿ ಅವನ ಮೆಕಾನಿಕ್ ಶೆಡ್ಡಿತ್ತು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ನನಗೆ ಗೇರು ಹಾಕುವುದನ್ನು ಕಲಿಸಿದವನು ಅವನೇ. ಇಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಏಳು ವರ್ಷದ ಹಿಂದೆ ಅವನ ಬಲಗಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ನಾಲ್ಕು ತಿಂಗಳು ಶೆಡ್ಡಿನ ಬಾಗಿಲು ಹಾಕಿತ್ತು. ತೆಗೆದ ಮೇಲೆ ಗಾಡಿಗಳು ಬರಲು ಹಿಂದುಮುಂದು ನೋಡಿದವು. ಕಣ್ಣು ಸರಿಹೋಯಿತೋ ಇಲ್ಲವೋ ಎಂದು ಎಲ್ಲರಿಗೂ ಅನುಮಾನ. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಬೇರೆ ಶೆಡ್ಡಿಗೆ ಹೋಗುತ್ತಿದ್ದರು, ಅಷ್ಟೆ. ಮೊದಲು ಹೋದ ಕೆಲವರಲ್ಲಿ ನಾನೊಬ್ಬ. ಆಯಿಲ್ ಬದಲಾಯಿಸಿಕೊಡು ಎಂದು ಕಾರು ಒಯ್ದು ನಿಲ್ಲಿಸಿದೆ. ಅವನು ತನ್ನ ಡ್ರಮ್ಮಿನಿಂದ ಅಳತೆಯ ಕ್ಯಾನಿಗೆ ಆಯಿಲ್ ಬಗ್ಗಿಸಿ, ಗೆರೆಯನ್ನು ಬಿಸಿಲಿಗೆ ಹಿಡಿದು ನೋಡಿ ಉಯ್ದ.

"ಕೊಸರು ಆಕಣ್ಣ" ಎಂದೆ ತಮಾಷೆಗೆ.

"ಇದೇನು ನಿಮ್ಮವ್ವನ ರಾಗಿಯೇನ್ಲಾ?" ಎಂದು ಮುಚ್ಚಳ ತಿರುಗಿಸಿಬಿಟ್ಟ.

ಸಂಜೆ ಮನೆಯ ಮುಂದೆ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ಆ ಕಡ್ಡಿಯಲ್ಲಿ ಎರಡು ಗೆರೆಗಳಿರುತ್ತವೆ, ಆಯಿಲ್ ಅವುಗಳ ನಡುವೆ ನಿಲ್ಲಬೇಕು. ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಕಾರು ನಿಂತದ್ದು ಇಳಿಜಾರಿನಲ್ಲಿ, ಆಯಿಲ್ ಅತ್ತ ಜರುಗಿದೆ, ಕಡ್ಡಿಗೆ ಸಿಕ್ಕಿಲ್ಲ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ: ಪಾಪ, ರಾಚಣ್ಣನಿಗೆ ಇನ್ನೂ ಸರಿಯಾಗಿ ಕಣ್ಣು ಕಾಣುವುದಿಲ್ಲ. ಮನೆಯಲ್ಲಿದ್ದ ಒಂದು ಲೀಟರ್ ಡಬ್ಬ ಪೂರ್ತಿ ಉಯ್ದೆ. ಆಮೇಲೆ ಇನ್ನೊಂದು ಒಡೆದು ಅರ್ಧ ಉಯ್ದೆ, ಕೊಸರಿಗೆ. ನನ್ನ ಹೆಂಡತಿ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದವಳು, "ಸಾಕು ಬುಡಿ, ಅದೇನು ಎಮ್ಮೆಯಾ ಕುಡಿಯಾಕೆ" ಎಂದಳು.

ಮಾರನೆಯ ದಿನ ಹೆಣ್ಣು ನೋಡಲು ಹೋಗುವವರನ್ನು ಹನೂರಿಗೆ ಕರೆದೊಯ್ಯಬೇಕಿತ್ತು. ಊರು ಬಿಡುವಷ್ಟರಲ್ಲಿ ಹಿಂದೆ ಹೊಗೆ ಕಾಣಿಸಿಕೊಂಡಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ಅಜ್ಜ, "ಏನಪ್ಪ, ಸಾಂಬ್ರಾಣಿ ಆಕಂಡು ಓಯ್ತಾ ಇದ್ದೀಯಾ?" ಎಂದರು. ಎಲ್ಲ ನಕ್ಕರು, ನಾನೂ ನಕ್ಕೆ. ಹೊಸ ಆಯಿಲ್ಲು, ಮೊದಮೊದಲು ಹಾಗೇ ಬರುತ್ತದೆ ಎಂದೆ. ಅಲ್ಲೇ ನಿಲ್ಲಿಸಿದ್ದರೆ ಉಳಿಯುತ್ತಿತ್ತು. ಕಾಮಗೆರೆ ದಾಟಿದ ಮೇಲೆ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಶುರುವಾಯಿತು. ರಸ್ತೆಯುದ್ದಕ್ಕೂ ಆಯಿಲ್ ತೊಟ್ಟಿಕ್ಕಿತ್ತು. ರೇಷ್ಮೆ ಸೀರೆ ಉಟ್ಟ ಹೆಂಗಸರು ಹೊಗೆಯಲ್ಲಿ ಕೆಮ್ಮುತ್ತ ಇಳಿದು ಬಸ್ಸಿಗೆ ಕೈ ಅಡ್ಡ ಹಾಕಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಸ್ಟ್ಯಾಂಡಿನ ನಾಲ್ವರು ಡ್ರೈವರುಗಳು ಬಂದು ಹಗ್ಗ ಕಟ್ಟಿ ನನ್ನ ಕಾರನ್ನು ರಾಚಣ್ಣನ ಶೆಡ್ಡಿಗೆ ಎಳೆದು ತಂದರು. ಅವನು ಕಡ್ಡಿ ಎಳೆದ, ಒರೆಸಿದ, ಮತ್ತೆ ಇಳಿಬಿಟ್ಟು ಎಳೆದ. ಆಯಿಲ್ ಮೇಲಿನ ಗೆರೆಯನ್ನು ದಾಟಿ ಎಲ್ಲೋ ಹೋಗಿತ್ತು, ನೊರೆನೊರೆಯಾಗಿತ್ತು. ನನಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಶೆಡ್ಡಿನ ನೆಲ ಮಟ್ಟಸ, ನನ್ನ ಮನೆಯ ಮುಂದಿನದು ಇಳಿಜಾರು.

"ಇಷ್ಟೊಂದು ಎಂಗಾಯ್ತು? ಜಾಸ್ತಿ ಆದ್ರೆ ಒಳಗೆ ಕಡೆದು ನೊರೆ ಆಯ್ತದೆ, ನೊರೆ ಇಂಜಿನ್ನ ಕಾಯಲ್ಲ" ಎಂದ ರಾಚಣ್ಣ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ. "ನೀನೇನಾರ ಮೇಲಕ್ಕೆ ಉಯ್ದಿದ್ದೇನ್ಲಾ?"

ನಾಲ್ಕು ಜನ ನಿಂತಿದ್ದರು. ನನ್ನ ಗಾಡಿಯ ವಿಷಯ ನನಗೆ ಗೊತ್ತು ಎಂದು ದಿನಾ ಅವರ ಮುಂದೆ ಕೊಚ್ಚಿಕೊಳ್ಳುತ್ತಿದ್ದವನು ನಾನು.

"ಇಲ್ವಲ್ಲ. ನಾನ್ ಮುಟ್ಟೇ ಇಲ್ಲ" ಎಂದೆ.

ನಾಲ್ವರಲ್ಲಿ ಒಬ್ಬ, ಮಾದೇಶ, ರಾಚಣ್ಣನ ಹೆಗಲ ಮೇಲೆ ಕೈಯಿಟ್ಟು, "ಓಗ್ಲಿ ಬುಡಣ್ಣ. ಕಣ್ಣು ಇನ್ನೂ ಮಂಜಾಗಿರ್ಬೇಕು" ಎಂದ. ಸಮಾಧಾನಕ್ಕೇ ಹೇಳಿದ. ರಾಚಣ್ಣ ಅಳತೆಯ ಕ್ಯಾನನ್ನು ತಂದು, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ, ಆಮೇಲೆ ಇನ್ನೊಂದು ಮುಚ್ಚಿ ನೋಡಿದ. ಅವನು ನನ್ನನ್ನು ನಂಬಿಬಿಟ್ಟಿದ್ದ.

ಆರು ದಿನ ಕೂತು ಇಂಜಿನ್ ಬಿಚ್ಚಿ ಕಟ್ಟಿದ. ನಾನು ಕೊಡಲು ಹೋದ ಕೂಲಿಯನ್ನು ಮುಟ್ಟಲಿಲ್ಲ. "ನನ್ ತಪ್ಪಿಗೆ ನಿನ್ ತಾವ ಏನೀಸ್ಕಳದು" ಎಂದ. ಆಗಲಾದರೂ ಹೇಳಬಹುದಿತ್ತು, ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂದರೆ ಎಷ್ಟು ಸುಲಭ ನೋಡಿ. ಅಷ್ಟರಲ್ಲಿ ಮಾತು ಸ್ಟ್ಯಾಂಡ್ ದಾಟಿ ಹೋಗಿತ್ತು. "ರಾಚಣ್ಣನ ಅತ್ರ ಓದೀಯ ಜ್ವಾಕೆ, ಬ್ರೇಕ್ ಆಯಿಲ್ ಜಾಗಕ್ಕೆ ಒಳ್ಳೆಣ್ಣೆ ಉಯ್ದಾನು" ಎಂದು ಮಾದೇಶ ತಮಾಷೆ ಮಾಡುತ್ತಿದ್ದ. ಅದಕ್ಕೂ ನಾನು ನಕ್ಕಿದ್ದೇನೆ.

ನನ್ನ ಹೆಂಡತಿ ಒಂದೇ ಸಲ ಕೇಳಿದಳು. "ರಾಚಣ್ಣನ ಮ್ಯಾಲೆ ಯಾಕೇಳ್ತವ್ರೆ? ಉಯ್ದೋರು ನೀವಲ್ವಾ?" ನಾನು ತಟ್ಟೆಯ ಮುಂದಿನಿಂದ ಎದ್ದುಹೋದೆ. ಮತ್ತೆ ಅವಳು ಕೇಳಲಿಲ್ಲ. ಕೇಳದೇ ಇದ್ದುದೇ ಕಷ್ಟವಾಯಿತು. ವರ್ಷ ತುಂಬುವ ಮೊದಲೇ ರಾಚಣ್ಣ ಶೆಡ್ ಮುಚ್ಚಿ, ಯಳಂದೂರಿನ ಹತ್ತಿರ ಹೆಂಡತಿಯ ಊರಿಗೆ ಹೋಗಿ ಕುರಿ ಮೇಯಿಸಿಕೊಂಡು ಕೂತ. ಆ ಊರಿನ ತಿರುವಿನಲ್ಲಿ ನಾನು ಎಷ್ಟೋ ಸಲ ಹಾದುಹೋಗಿದ್ದೇನೆ. ಗಾಡಿಯ ವೇಗ ಮಾತ್ರ ಕಡಿಮೆ ಮಾಡಿದವನಲ್ಲ.

ಹೋದ ವಾರ ಆ ಆಟೋ ಮುಂದೆ ಹೋದ ಮೇಲೆ ನಾನು ಆ ತಿರುವಿಗೆ ಕಾರು ತಿರುಗಿಸಿದೆ.

ರಾಚಣ್ಣ ಕೊಟ್ಟಿಗೆಯ ಮುಂದೆ ಹುರಿ ಹೊಸೆಯುತ್ತಿದ್ದ. ತಲೆ ಎತ್ತುವ ಮೊದಲೇ, "ಇಂಜಿನ್ ಮ್ಯಾಲ್ಗಡೆ ಟಿಕಟಿಕ ಅಂತಾದೆ ಕಣ್ಲಾ, ತೋರಿಸ್ಬ್ಯಾಡ್ವಾ?" ಎಂದ. ನಾನು ಮಳೆಯ ವಿಷಯ ಕೇಳಿದೆ, ಕುರಿಯ ವಿಷಯ ಕೇಳಿದೆ. ಕೇಳಲು ಮತ್ತೇನೂ ಉಳಿಯಲಿಲ್ಲ.

"ರಾಚಣ್ಣ, ಆವತ್ತು ಕಾರ್ಗೆ ಆಯಿಲ್ ಜಾಸ್ತಿ ಉಯ್ದಿದ್ದು ನಾನೇ."

"ಯಾವತ್ತು?"

"ಹನೂರ್ ರೋಡಲ್ಲಿ ಕೆಟ್ಟೋಯ್ತಲ್ಲ, ಆವತ್ತು. ನೀನು ಸರಿಯಾಗೇ ಉಯ್ದಿದ್ದೆ. ನಾನು ಮನೇಲಿ ಮೇಲಕ್ಕೆ ಉಯ್ದೆ."

ಹೊಸೆಯುತ್ತಿದ್ದ ಕೈ ನಿಂತಿತು. ಹುರಿ ತಾನಾಗಿ ಬಿಚ್ಚಿಕೊಂಡಿತು.

"ಅಂಗಾರೆ ನನ್ ಕೈ ತಪ್ಪಿರ್ನಿಲ್ವಾ?"

"ಇಲ್ಲ."

"ಗೆರೆ ಸರಿಯಾಗೇ ಕಂಡಿತ್ತಾ ನಂಗೆ?"

"ಕಂಡಿತ್ತು ಕಣಣ್ಣ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಂಡು ಸ್ವಲ್ಪ ಹಗುರವಾಗುತ್ತಿದ್ದೆನೋ ಏನೋ. ಅವನು ತನ್ನ ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದ.

"ಆಮ್ಯಾಲೆ ಮೈಸೂರ್ಗೋಗಿ ಎರಡ್ ಸಲ ಕಣ್ ತೋರಿಸ್ಕ ಬಂದೆ. ಚೆಂದಾಗದೆ ಅಂದ್ರು. ನಾನು ಡಾಕ್ಟ್ರ ಮಾತ್ನೇ ನಂಬ್ನಿಲ್ಲ" ಎಂದ. ಬಿಚ್ಚಿಕೊಂಡ ಹುರಿಯನ್ನು ಪಕ್ಕಕ್ಕಿಟ್ಟು, "ಸಾಮಾನೆಲ್ಲ ಕೊಟ್ಬುಟ್ಟೆ ಕಣ್ಲಾ. ಒಂದು ಸ್ಪ್ಯಾನರೂ ಇಟ್ಕನಿಲ್ಲ" ಎಂದ.

ನಾನು ಕಾಲು ಮುಟ್ಟಲು ಬಗ್ಗಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. "ನಂಗೇಳಿ ಏನಾಯ್ತದೆ? ಆವತ್ತು ನಿಂತಿದ್ರಲ್ಲ, ಅವ್ರಿಗೇಳೋಗು." ಎದ್ದು ಒಳಗೆ ಹೋದ. ಊಟದ ಹೊತ್ತು. ಉಂಡು ಹೋಗು ಎನ್ನಲಿಲ್ಲ. ನಮ್ಮ ಕಡೆ ಬಾಗಿಲಿಗೆ ಬಂದ ದಾರಿಹೋಕರಿಗೂ ಆ ಮಾತು ಹೇಳುತ್ತಾರೆ.

ಮಾರನೆಯ ಬೆಳಿಗ್ಗೆ ಸ್ಟ್ಯಾಂಡಿಗೆ ಹೋದೆ. ಆವತ್ತಿನ ನಾಲ್ವರಲ್ಲಿ ಒಬ್ಬ ತೀರಿಕೊಂಡಿದ್ದಾನೆ, ಇಬ್ಬರು ಕೆಲಸ ಬಿಟ್ಟು ಎಲ್ಲಿದ್ದಾರೋ ಗೊತ್ತಿಲ್ಲ. ಉಳಿದವನು ಮಾದೇಶ ಒಬ್ಬನೇ. ಅವನ ಸುತ್ತ ಏಳೆಂಟು ಹೊಸಬರು ಟೀ ಕುಡಿಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಇಳಿಜಾರು, ಒಂದೂವರೆ ಲೀಟರ್, ಮುಟ್ಟೇ ಇಲ್ಲ ಎಂದದ್ದು, ಎಲ್ಲ.

"ಯಾವ ರಾಚಣ್ಣ?" ಎಂದ ಮಾದೇಶ. ಆಮೇಲೆ ನೆನಪಾಯಿತು. "ಓ, ಆ ಕುರುಡ ಮೆಕಾನಿಕ್ಕಾ? ಅಯ್ಯೋ ಬುಡಣ್ಣ, ಯಾವ್ ಕಾಲದ್ ಮಾತು." ಹೊಸಬರಲ್ಲಿ ಒಬ್ಬ ಟೀ ಲೋಟ ಇಡುತ್ತ, ಸುಮ್ಮನೆ ಕೇಳಬೇಕಲ್ಲ ಎಂದು, "ಈಗ ಕಣ್ ಕಾಣ್ತದಾ ಅವ್ರಿಗೆ?" ಎಂದ.

"ಆವತ್ತೂ ಕಾಣ್ತಿತ್ತು" ಎಂದೆ.

ಅಷ್ಟರಲ್ಲಿ ಹನೂರಿನ ಬಸ್ಸು ಗುಡುಗುಡು ಎನ್ನುತ್ತ ಪಕ್ಕದಲ್ಲೇ ಬಂದು ನಿಂತಿತು. ಅವರಿಗೆ ಕೇಳಿಸಿತೋ ಇಲ್ಲವೋ. ಬಸ್ಸು ಹೋಗುವವರೆಗೆ ಕಾದು ನಿಂತು, ಇನ್ನೊಂದು ಸಲ ಹೇಳಿದೆ.