ಬಸ್ಸಿನಲ್ಲಿ ಸಿಕ್ಕ ಬೇಸಿಕ್

"ಜಾವಾ ಎಲ್ಲಾ ಹಳೇ ಕಾಲದ್ದು ಕಣೇ, ಪೈಥಾನ್ ಬಂದ್ಮೇಲೆ ಎಲ್ಲಾ ಉಲ್ಟಾ ಆಯ್ತು" ಎಂದಳು ಕಿಟಕಿ ಪಕ್ಕದ ಹುಡುಗಿ. "ಪೈಥಾನೂ ಹಳೇದಾಯ್ತಮ್ಮ, ಈಗ ಎಐಗೆ ಹೇಳಿದ್ರೆ ಅದೇ ಬರ್ಕೊಡುತ್ತೆ" ಎಂದು ಅವಳ ಗೆಳತಿ ಪಟ್ಟು ಬಿಡಲಿಲ್ಲ. ಗೌರಿಬಿದನೂರಿನಿಂದ ಹೊರಟ ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ.

"ಆಂಟಿ, ನೀವೂ ಕಂಪ್ಯೂಟರ್ ಕಲ್ತಿದ್ದೀರಾ?"

ಕಲಿತಿದ್ದೆ. ಚಿಂತಾಮಣಿಯ ರೇಷ್ಮೆ ಅಂಗಡಿಯೊಂದರ ಮಹಡಿಯಲ್ಲಿ, ಬೇಸಿಕ್ ಎಂಬ ಆ ಕಾಲದ ಕಂಪ್ಯೂಟರ್ ಭಾಷೆ. ಧೂಳು ಸೇರಿದರೆ ಯಂತ್ರ ಕೆಡುತ್ತದೆಂದು ಮೆಟ್ಟಿಲ ಬಳಿಯೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಶಬಾನಾ ಮೇಡಂ ಕೂಡ ಬರಿಗಾಲಲ್ಲೇ ಪಾಠ ಮಾಡುತ್ತಿದ್ದರು. ನಾನು ಬರೆದ ಪ್ರೋಗ್ರಾಮಿನಿಂದ ಪರದೆಯ ಮೇಲೆ ನನ್ನ ಹೆಸರು ಹಸಿರಾಗಿ ಮೂಡಿದಾಗ, ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲೇ ಎದ್ದು ನಿಂತಿದ್ದೆ. ಆಗ ಇಡೀ ಊರಿಗೆ ಅದಕ್ಕಿಂತ ಹೊಸದು ಬೇರೊಂದಿರಲಿಲ್ಲ.

ಇದನ್ನು ಹೇಳಿದರೆ "ಅದೇನ್ ಕ್ಲಾಸೋ ದೇವಸ್ಥಾನನೋ ಆಂಟಿ?" ಎಂದು ಇಬ್ಬರೂ ನಕ್ಕರು. ಆಮೇಲೆ ತಮ್ಮ ಪ್ರಾಜೆಕ್ಟ್ ತೋರಿಸಲು ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟರು.

ಮಂಚೇನಹಳ್ಳಿಯಲ್ಲಿ ಇಳಿಯಲೆಂದು ಎದ್ದರೆ ಕಾಲಿಗೆ ಚಪ್ಪಲಿ ಸಿಗಲಿಲ್ಲ. ಲ್ಯಾಪ್‌ಟಾಪ್ ತೊಡೆಗೆ ಬಂದ ಕೂಡಲೇ, ನನಗೇ ತಿಳಿಯದಂತೆ ಬಿಟ್ಟು ಸೀಟಿನ ಕೆಳಗೆ ತಳ್ಳಿದ್ದೆ. ನನ್ನ ಪಕ್ಕದ ಹುಡುಗಿ ಬಗ್ಗಿ ಎತ್ತಿಕೊಟ್ಟಳು. ಈ ಸಲ ಅವಳು ನಗಲಿಲ್ಲ.